ಸುಟ್ಟ ವಸ್ತುವಿನ ವಿವರ

ರಸೀದಿ ಪುಸ್ತಕದಲ್ಲಿ ಐದು ಕಲಂ.
ಹೆಸರು, ಜಾಗ, ಹೊತ್ತು, ದಂಡದ ಮೊತ್ತ,
ಇವನ್ನು ನಿಂತಲ್ಲೇ ತುಂಬಿಬಿಡುತ್ತೇನೆ.
ಸತಾಯಿಸುವುದು ಕೊನೆಯದು:
ಸುಟ್ಟ ವಸ್ತುವಿನ ವಿವರ.
ಎರಡು ಬೆರಳಗಲದ ಜಾಗ.

ಪಲ್ಟನ್ನಿನಲ್ಲಿ ಹದಿನೇಳು ವರ್ಷ, ಈಗ ವಾರ್ಡಿಗೆ ಮಾರ್ಷಲ್.
ಬಯಲಲ್ಲಿ ಏನನ್ನೂ ಸುಡುವಂತಿಲ್ಲ.
ಎಲೆ, ಕಡ್ಡಿ, ಕಾಗದ, ಗರಿ, ಏನನ್ನೂ.
ನಮ್ಮ ಹಿತ್ತಿಲು, ನಾವೇ ತೋಡಿದ ಗುಂಡಿ, ಆಗಲೂ?
ಹೊಗೆಗೆ ಕಾಂಪೌಂಡು ಗೊತ್ತಿಲ್ಲ ಸ್ವಾಮಿ, ಎನ್ನುತ್ತೇನೆ.
ಮಾತು ನನ್ನದಲ್ಲ, ತರಬೇತಿಯಲ್ಲಿ ಹೇಳಿಕೊಟ್ಟದ್ದು.

ಬೆಳಗಿನ ಆರಕ್ಕೆ ತಿಂಡ್ಲು ಬಿಟ್ಟರೆ
ಮೂಗೇ ದಾರಿ ತೋರಿಸುತ್ತದೆ.
ಹಸಿ ಹೊಂಗೆ ಎಲೆಯ ಹೊಗೆ ಬೆಳ್ಳಗೆ, ಕಣ್ಣಿಗೆ ಹತ್ತುತ್ತದೆ.
ತೆಂಗಿನ ಗರಿ ಚಟಪಟ ಮಾತಾಡಿ ಬೇಗ ಮುಗಿಸುತ್ತದೆ.
ತಾಮ್ರದ ಆಸೆಗೆ ವೈರು ಸುಟ್ಟಿದ್ದರೆ
ಮಧ್ಯಾಹ್ನದ ಮುದ್ದೆಯಲ್ಲೂ ಅದೇ ವಾಸನೆ.

ಓಬುಳಮ್ಮನಿಗೆ ಎರಡು ಸಲ ಬರೆದಿದ್ದೆ.
ಮೂರನೇ ಸಲ ಪೊರಕೆ ಊರಿ ನಿಂತಳು:
"ಗುಡ್ಸು ಅಂದ್ರಿ, ಗುಡಿಸ್ದೆ.
ಗಾಡಿ ಬರ್ತದೆ ಅಂದ್ರಿ, ಒಂಬತ್ತು ದಿನ ಆಯ್ತು.
ಮರಕ್ಕೆ ಬರೀರಿ ಸಾರ್ ರಸೀದಿ,
ಉದುರಿಸಿದ್ದು ಅದು."
ಬರೆಯಲಿಲ್ಲ. ಮರಕ್ಕೂ, ಅವಳಿಗೂ.

ಮೂಲೆ ಬಂಗಲೆಯ ಹುಲ್ಲುಹಾಸಿನ ನಡುವೆ
ಉಕ್ಕಿನ ಬಟ್ಟಲು, ಸುತ್ತ ಬೆತ್ತದ ಕುರ್ಚಿ,
ಬಟ್ಟಲಲ್ಲಿ ನೀಲಗಿರಿ ಸೌದೆ ಧಗಧಗ.
"ಅದು ಅಲಂಕಾರಕ್ಕೆ ಕಣ್ರೀ, ಬೆಂಕಿ ಅಲ್ಲ."
ಬರೆದುಕೊಂಡೆ ಐದನೇ ಕಲಮಿನಲ್ಲಿ:
ಅಲಂಕಾರ.

ಸಂಕ್ರಾಂತಿಯ ಸಂಜೆ ಫೋನು.
ಮೂರನೇ ಮಹಡಿ. ಮಗುವಿಗೆ ಉಬ್ಬಸ,
ಕಿಟಕಿ ಮುಚ್ಚಿದರೂ ಸಂದಿಯಲ್ಲಿ ನುಗ್ಗುತ್ತಿದೆ ಹೊಗೆ.
ಅವರ ಮಾತಿನ ಹಿಂದೆ ನೆಬ್ಯುಲೈಸರು ಗುರುಗುಡುವುದು
ನನಗೂ ಕೇಳಿಸಿತು. ಸುಳ್ಳಲ್ಲ.

ಹೋದೆ. ಹದಿಮೂರನೇ ಅಡ್ಡರಸ್ತೆಯ ಡಾಂಬರಿನ ಮೇಲೆ
ಆಗಲೇ ಉರಿದ ಒಂದು ಹೊರೆ ಹುಲ್ಲಿನ ಬೂದಿ.
ಹಸು ಹಾಯಲಿಲ್ಲವಂತೆ.
ಇನ್ನೊಂದು ಹೊರೆ ಹರಡಿ, ಬೆಂಕಿಪೊಟ್ಟಣ ಹಿಡಿದು
ಕೂತಿದ್ದ ದೊಡ್ಡಪಿಳ್ಳಪ್ಪ.
ಅವನದು ಒಂದೇ ಹಸು, ಹಾಲಿಗೆ ಸಾಕಿದ ಸೀಮೆಹಸು,
ಕಿಚ್ಚು ಅಂದರೆ ಏನೆಂದೇ ಅರಿಯದ್ದು.
ಮೈಗೆ ಅರಿಶಿನ, ಕೊಂಬಿಲ್ಲದ ತಲೆಗೆ ಬಲೂನು.
ಸ್ಕೂಟರು ನಿಲ್ಲಿಸಿ ಕಾಯುತ್ತಿದ್ದ ಡೆಲಿವರಿ ಹುಡುಗ.
ಯಾರೋ ಹೆಣ್ಣುಮಗು ನನ್ನ ಅಂಗೈಗೂ ಸುರಿದಳು.
ಬಾಯಲ್ಲಿ ಎಳ್ಳು ಬೆಲ್ಲ, ಕಂಕುಳಲ್ಲಿ ದಂಡದ ಪುಸ್ತಕ.

"ಬರೀತೀನಿ" ಎಂದೆ. "ಬರೀರಿ" ಎಂದ.
"ಎಷ್ಟು ಹೊತ್ತು ಉರೀತು?"
"ಹಸು ಹಾಯೋ ಅಷ್ಟು."
"ಹಾಯಲಿಲ್ಲವಲ್ಲ?"
ಅವನು ಟ್ರಾನ್ಸ್‌ಫಾರ್ಮರ್ ಕಡೆ ಕೈ ತೋರಿದ:
"ಅಲ್ಲಿಂದ ಓಡಿಸ್ಕಂಡ್ ಬರ್ತಿದ್ವಿ ಸಾರ್.
ಅಷ್ಟು ದೂರ ಓಡಿದ್ರೆ ಯಾವ್ದೂ ನಿಲ್ತಿರ್ಲಿಲ್ಲ."

ನಾವು ಹೀಗೆ ನಿಂತಿರುವಾಗಲೇ
ಹಸು ನಾಲ್ಕು ಹೆಜ್ಜೆ ಬಂತು,
ಬೂದಿ ಮೂಸಿ ಸೀನಿತು,
ಪಕ್ಕಕ್ಕೆ ಸರಿದು
ಹಚ್ಚದ ಹೊರೆಗೆ ಬಾಯಿ ಹಾಕಿತು.

ಯಾರೂ ತಡೆಯಲಿಲ್ಲ.
ಮೇಲೆ ಕಿಟಕಿ ಒಂದು ಗೇಣು ತೆರೆದಿತ್ತು.
ಮೂಗಿಗೆ ಮಾಸ್ಕು ಒತ್ತಿಕೊಂಡ ಸಣ್ಣ ಮುಖವೊಂದು
ಬಲೂನನ್ನು ನೋಡುತ್ತಿತ್ತು.

ಬರೆದೆ: ಹುಲ್ಲು, ಒಂದು ಹೊರೆ.
ಉಳಿದದ್ದನ್ನು ಹಸು ತಿಂದಿತು.
ಕಲಂ ಸಾಲದೆ ಅಂಚಿಗೆ ಹತ್ತಿಸಿದೆ.
ಹಾಲಿನ ವಾಸನೆಯ ನೋಟುಗಳನ್ನು
ಎರಡೆರಡು ಸಲ ಎಣಿಸಿ ಕೊಟ್ಟ.
ರಸೀದಿ ಮಡಚಿ ರುಮಾಲಿಗೆ ಸಿಕ್ಕಿಸಿಕೊಂಡ.

ಮನೆಗೆ ಬಂದು ಪುಸ್ತಕ ತೆರೆದಾಗ ಗೊತ್ತಾಯಿತು,
ಕಾರ್ಬನ್ ಹಾಳೆ ಬುಡಮೇಲಾಗಿ ಕೂತಿದೆ.
ಕಚೇರಿಯ ಪ್ರತಿ ಅಚ್ಚ ಖಾಲಿ.
ಬರೆದದ್ದೆಲ್ಲ ಅವನ ರಸೀದಿಯ ಬೆನ್ನಿಗೇ
ಕನ್ನಡಿಯಲ್ಲಿ ಕಂಡಂತೆ ಮೂಡಿರಬೇಕು.
ನಾಳೆ ಕೇಳುತ್ತಾರೆ:
ದುಡ್ಡು ಬಂದಿದೆ, ಬೆಂಕಿ ಎಲ್ಲಯ್ಯಾ?

ಅಂಗಿ ಕಳಚಿ ಮೊಳೆಗೆ ಹಾಕಿದೆ.
ಅದರಲ್ಲಿದೆ ಇನ್ನೂ.